ಬಿಎಸ್ಸಿ ನರ್ಸಿಂಗ್ ಮುಗಿದಿದೆ: ಮೂಲ ಅಂಕಪಟ್ಟಿ ಕೇಳುವ ಆಸ್ಪತ್ರೆಗೆ ಸೇರಬಹುದೇ?

ರಾಣೆಬೆನ್ನೂರು ಆರ್‌ಎನ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಊರಿಗೆ ಬಂದಿದ್ದೇನೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ತಾತ್ಕಾಲಿಕ ಪದವಿ ಪ್ರಮಾಣಪತ್ರ ಸಿಕ್ಕಿದೆ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಗೆ ಅರ್ಜಿ ಹಾಕಿದ್ದೇನೆ, ಸಂಖ್ಯೆ ಇನ್ನೂ ಬಂದಿಲ್ಲ. ಕೆಲಸ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: ಅನುಭವ ಎಷ್ಟು? ಅನುಭವ ಇಲ್ಲದವರನ್ನು ಯಾರೂ ಸೇರಿಸಿಕೊಳ್ಳದಿದ್ದರೆ ಅನುಭವ ಇರುವವರು ಎಲ್ಲಿಂದ ಬಂದರೋ ತಿಳಿಯದು.

ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ನಮ್ಮ ಊರಿನ ಹತ್ತಿರದ 30 ಹಾಸಿಗೆಯ ನರ್ಸಿಂಗ್ ಹೋಂ. ಸಂಬಳ 13,000. ನಾಳೆಯೇ ಬಾ ಎನ್ನುತ್ತಾರೆ, ನೋಂದಣಿ ಆಮೇಲೆ ಕೊಟ್ಟರೂ ನಡೆಯುತ್ತದೆಯಂತೆ. ಆದರೆ ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಮೂಲ ಅಂಕಪಟ್ಟಿಗಳನ್ನು ಎರಡು ವರ್ಷ ಅವರ ಬೀರುವಿನಲ್ಲಿ ಇಡಬೇಕು. ಇನ್ನೊಂದು ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ. 20,500 ಎಂದಿದ್ದಾರೆ, ಹಾಸ್ಟೆಲ್‌ಗೆ 4,000 ಕಡಿತ. ಎರಡು ವರ್ಷದ ಬಾಂಡ್, ನಡುವೆ ಬಿಟ್ಟರೆ 75,000 ಕಟ್ಟಬೇಕು. ನೋಂದಣಿ ಸಂಖ್ಯೆ ಬಂದ ಮೇಲೆಯೇ ಸೇರಿಸಿಕೊಳ್ಳುತ್ತಾರೆ. ಐಸಿಯುಗೆ ಹಾಕಬಹುದು ಎಂದರು.

ಅಪ್ಪನಿಗೆ ಊರಿನ ಹತ್ತಿರದ್ದೇ ಇಷ್ಟ. ಸಂಬಂಧಿಕರೊಬ್ಬರು ತಮಗೆ ಗೊತ್ತಿರುವ ಕ್ಲಿನಿಕ್‌ನಿಂದ ಒಂದು ವರ್ಷದ ಅನುಭವ ಪತ್ರ ಬರೆಸಿಕೊಡುತ್ತೇನೆ, ಆಗ ಎಲ್ಲಿಯಾದರೂ ಕೆಲಸ ಸಿಗುತ್ತದೆ ಎನ್ನುತ್ತಿದ್ದಾರೆ. ಈ ಕೆಲಸದಲ್ಲಿ ಇರುವ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ದಾರಿ ತೋರಿಸಿ.

ವಾರ್ಡ್ ಇನ್‌ಚಾರ್ಜ್, ಹುಬ್ಬಳ್ಳಿ

ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಮ್ಮ. ತೋರಿಸು, ಅವರ ಎದುರಿಗೆ ನಕಲಿನೊಂದಿಗೆ ತಾಳೆ ನೋಡಲಿ, ಚೀಲಕ್ಕೆ ಹಾಕಿಕೊಂಡು ಎದ್ದು ಬಾ. ನಾಳೆ ಸರ್ಕಾರಿ ಹುದ್ದೆಗೆ ದಾಖಲೆ ಪರಿಶೀಲನೆಗೆ ಕರೆದರೆ, ಎಂಎಸ್ಸಿಗೆ ಸೀಟು ಸಿಕ್ಕಿದರೆ, ಆ ಬೀರುವಿನ ಕೀಲಿ ಯಾರ ಕೈಯಲ್ಲಿರುತ್ತದೆ? ನಮ್ಮ ವಾರ್ಡಿಗೆ ಬಂದ ಒಬ್ಬ ಹುಡುಗಿ ಹಿಂದಿನ ಕಡೆ ಮಾಲೀಕರ ಕೈಕಾಲು ಹಿಡಿದು ಅಂಕಪಟ್ಟಿ ಬಿಡಿಸಿಕೊಳ್ಳುವಷ್ಟರಲ್ಲಿ ಪರಿಶೀಲನೆಯ ದಿನಾಂಕವೇ ಮುಗಿದುಹೋಗಿತ್ತು.

ಎರಡನೆಯದು, ಇದಕ್ಕಿಂತ ದೊಡ್ಡದು: ನೋಂದಣಿ ಇಲ್ಲದೆ ನರ್ಸ್ ಆಗಿ ಕೆಲಸ ಮಾಡಬೇಡ. ‘ಆಮೇಲೆ ಕೊಟ್ಟರೂ ನಡೆಯುತ್ತದೆ’ ಎನ್ನುವ ಆಸ್ಪತ್ರೆ ನಿನಗೆ ಉಪಕಾರ ಮಾಡುತ್ತಿಲ್ಲ. ರಾತ್ರಿ ಒಬ್ಬ ರೋಗಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಏನಾದರೂ ಎಡವಟ್ಟಾಗಿ ಪೊಲೀಸರು ಬಂದರೆ, ಕೇಸ್‌ಶೀಟಿನಲ್ಲಿ ಇರುವುದು ನಿನ್ನ ಸಹಿ. ನೋಂದಣಿ ಸಂಖ್ಯೆ ಇಲ್ಲದ ಸಹಿಗೆ ಯಾರು ಉತ್ತರ ಹೇಳುತ್ತಾರೆ? ನಿನ್ನ ಪರವಾಗಿ ಆಡಳಿತ ಮಂಡಳಿ ನಿಲ್ಲುತ್ತದೆ ಎಂದು ನಂಬಿದ್ದರೆ ಆ ನಂಬಿಕೆಯನ್ನು ಈಗಲೇ ಬಿಡು.

ಬೆಂಗಳೂರಿನವರ ಬಾಂಡ್ ನನಗೂ ಇಷ್ಟವಿಲ್ಲ. ಆದರೆ ನೋಂದಣಿ ಬರುವವರೆಗೆ ಕಾಯುತ್ತೇವೆ ಎಂದರಲ್ಲ, ಆ ಒಂದು ಮಾತಿನಿಂದ ಅಲ್ಲಿ ದಾಖಲೆ ನೋಡುವವರು ಇದ್ದಾರೆ ಎಂದು ತಿಳಿಯುತ್ತದೆ. ಅವರಿಗೆ ಕೇಳಬೇಕಾದದ್ದು ಸಂಬಳವಲ್ಲ. ರಾತ್ರಿಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಮೊದಲ ಎಷ್ಟು ವಾರ ನನ್ನ ಜೊತೆಗೆ ಹಿರಿಯರು ನಿಲ್ಲುತ್ತಾರೆ? ಆ ಅವಧಿಯಲ್ಲಿ ನನ್ನನ್ನು ರೋಸ್ಟರ್‌ನ, ಅಂದರೆ ಪಾಳಿಪಟ್ಟಿಯ, ಲೆಕ್ಕಕ್ಕೆ ಹಿಡಿಯುತ್ತೀರಾ? ಈ ಮೂರನೆಯ ಪ್ರಶ್ನೆಗೆ ಅವರ ಮುಖ ನೋಡು. ಓರಿಯೆಂಟೇಶನ್ ಇದೆ ಎಂದು ಎಲ್ಲರೂ ಹೇಳುತ್ತಾರೆ. ಹೊಸಬಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಕಲಿಸಲು ಯಾರ ಕೈಯೂ ಖಾಲಿ ಇರುವುದಿಲ್ಲ.

ನೇಮಕಾತಿ ಮೇಜು

ಬೆಂಗಳೂರಿನ ಒಂದು ಆಸ್ಪತ್ರೆಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಬಯ್ಯುವವರು ಬಯ್ಯಬಹುದು, ಆದರೆ ನಮ್ಮ ಕಡೆಯಿಂದ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ.

‘ಎರಡು ವರ್ಷ ಅನುಭವ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೂ ಹೊಸಬರನ್ನು ತೆಗೆದುಕೊಳ್ಳದ ದೊಡ್ಡ ಆಸ್ಪತ್ರೆ ಇಲ್ಲ. ಅನುಭವ ಆದವರು ಗಲ್ಫ್‌ಗೋ ಬ್ರಿಟನ್ನಿಗೋ ಸರ್ಕಾರಿ ಹುದ್ದೆಗೋ ಹೊರಟುಹೋಗುತ್ತಾರೆ, ಜಾಗ ಖಾಲಿಯಾಗುತ್ತಲೇ ಇರುತ್ತದೆ. ಹೊಸಬರನ್ನು ತಂಡವಾಗಿ ತೆಗೆದುಕೊಳ್ಳುತ್ತೇವೆ, ಫಲಿತಾಂಶ ಬಂದ ನಂತರದ ತಿಂಗಳುಗಳಲ್ಲಿ. ಆ ನೇಮಕಾತಿ ಜಾಲತಾಣದ ಜಾಹೀರಾತಿಗಿಂತ ಹೆಚ್ಚಾಗಿ ಕಾಲೇಜಿನ ಪ್ರಾಂಶುಪಾಲರ ಮೂಲಕ, ಈಗಾಗಲೇ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳ ಮೂಲಕ ನಡೆಯುತ್ತದೆ. ನೇರವಾಗಿ ಬಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಕಚೇರಿಯಲ್ಲಿ ಅರ್ಜಿ ಕೊಟ್ಟವರನ್ನೂ ಕರೆಯುತ್ತೇವೆ. ಮಿಂಚಂಚೆಗೆ ಬಂದದ್ದು ನನ್ನ ಮೇಜಿಗೆ ಬರುತ್ತದೆ, ಸೂಪರಿಂಟೆಂಡೆಂಟ್ ಕೈಗೆ ಕೊಟ್ಟದ್ದು ಅವರ ಮೇಜಿನಲ್ಲೇ ಇರುತ್ತದೆ. ಯಾರನ್ನು ತೆಗೆದುಕೊಳ್ಳಬೇಕೆಂದು ನಿರ್ಧರಿಸುವವರು ಅವರು, ನಾನಲ್ಲ.

ಅರ್ಜಿಯಲ್ಲಿ ‘ಕಠಿಣ ಪರಿಶ್ರಮಿ, ಪ್ರಾಮಾಣಿಕಳು’ ಎಂದು ಅರ್ಧ ಪುಟ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಯಾವ ಯಾವ ವಿಭಾಗದಲ್ಲಿ ಎಷ್ಟು ವಾರ ಇದ್ದಿರಿ, ಆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಏನೇನು ಕೈಯಾರೆ ಮಾಡಿದ್ದೀರಿ ಎಂದು ಬರೆಯಿರಿ. ಹೊಸಬರ ಅನುಭವ ಅಂದರೆ ಅದೇ.

ಇನ್ನು ಲೆಕ್ಕ. 20,500ರಲ್ಲಿ ಮೂಲವೇತನ 15,000 ಇದ್ದರೆ ಭವಿಷ್ಯನಿಧಿಗೆ ಶೇ. 12, ಅಂದರೆ 1,800 ಹೋಗುತ್ತದೆ. ಒಟ್ಟು ವೇತನ 21,000ದ ಒಳಗೆ ಇರುವುದರಿಂದ ಇಎಸ್‌ಐಗೆ, ಅಂದರೆ ನೌಕರರ ವಿಮೆಗೆ, ಶೇ. 0.75, ಸುಮಾರು 154. ಹಾಸ್ಟೆಲ್ 4,000. ಕೈಗೆ ಬರುವುದು 14,500ರ ಆಸುಪಾಸು. ಇದರಲ್ಲಿ ಊಟ ಸೇರಿದೆಯೇ ಎಂದು ಕೇಳಿ. ಊರಿನ ನರ್ಸಿಂಗ್ ಹೋಂನಲ್ಲಿ 13,000 ಎಂದದ್ದು ಕೈಗೆ ಕೊಡುವ ಹಣವೋ, ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತಾರೋ ಅದನ್ನೂ ಕೇಳಿ. ಕಟ್ಟುವುದಿಲ್ಲ ಎಂದಾದರೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಅವರು ಬರೆದುಕೊಡುವ ಪತ್ರ ಬಿಟ್ಟು ಬೇರೆ ಪುರಾವೆ ಇರುವುದಿಲ್ಲ.

ಬಿಳಿ ಟೋಪಿ

ಕೈಗೆ 14,500! ನಾಲ್ಕು ವರ್ಷ ಓದಿಸಲು ತಂದೆತಾಯಿ ಖರ್ಚು ಮಾಡಿದ್ದು ಎಷ್ಟು ಎಂದು ನೇಮಕಾತಿ ಮೇಜಿನವರು ಲೆಕ್ಕ ಹಾಕುತ್ತಾರೆಯೇ?

ಹೊಸಬರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ವೇತನದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಸಮಿತಿ ರಚಿಸಲು ಸೂಚಿಸಿತು. ಆ ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ವೇತನ. 100ರ ಮೇಲಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರಿಂದ 100ರವರೆಗೆ ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000ಕ್ಕಿಂತ ಕೆಳಗೆ ಇಳಿಯಬಾರದು. 2016ರ ಮಾತು ಇದು. ಆಗಿನಿಂದ ಹಾಲಿನ ಬೆಲೆ, ಮನೆ ಬಾಡಿಗೆ ಎಲ್ಲಿಗೆ ಹೋಗಿದೆ? ನಮ್ಮ ಈ ಹುಡುಗಿಗೆ 30 ಹಾಸಿಗೆಯವರು ಹೇಳುವುದು 13,000.

ನೇಮಕಾತಿ ಮೇಜು

ಶಿಫಾರಸು ನಿಜ. ಅದನ್ನು ಕಡ್ಡಾಯ ಮಾಡಬೇಕಾದದ್ದು ರಾಜ್ಯಗಳು. ನನ್ನ ಸಂಬಳವೂ ಹೇಳಿಕೊಳ್ಳುವಂತಿಲ್ಲ ಸರ್.

ಬಿಳಿ ಟೋಪಿ

ಸರ್ ಅಲ್ಲ, ಸಿಸ್ಟರ್.

ಐಸಿಯು ರಾತ್ರಿಪಾಳಿ

ನಾನು ಗಂಡು ನರ್ಸ್, ಆದ್ದರಿಂದ ನನಗೆ ಮೊದಲ ಕೆಲಸ ಸಿಕ್ಕಿದ್ದೇ ಐಸಿಯುನಲ್ಲಿ. ಹೆರಿಗೆ ವಾರ್ಡಿಗೆ ನಮ್ಮನ್ನು ತೆಗೆದುಕೊಳ್ಳುವುದಿಲ್ಲ. ಸಣ್ಣ ನರ್ಸಿಂಗ್ ಹೋಂಗಳು ಹೆಚ್ಚಾಗಿ ಹೆರಿಗೆಯ ಮೇಲೆಯೇ ನಡೆಯುವುದರಿಂದ ಆ ಬಾಗಿಲೂ ಮುಚ್ಚಿರುತ್ತದೆ. ತುರ್ತು ಚಿಕಿತ್ಸೆ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿ, ಐಸಿಯು: ಹುಡುಗರು ಈ ನಾಲ್ಕು ಕಡೆ ಕೇಳಬೇಕು. 108ರ ಆರೋಗ್ಯ ಕವಚ ಆಂಬುಲೆನ್ಸ್‌ಗಳಲ್ಲೂ ನರ್ಸಿಂಗ್ ಓದಿದವರನ್ನು ತೆಗೆದುಕೊಳ್ಳುತ್ತಾರೆ.

ತಂಗಿ, ಐಸಿಯು ಎಂದು ಹೆದರಬೇಡ, ಹಿಗ್ಗಲೂ ಬೇಡ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬರು ಎಂಬುದು ಒಪ್ಪಿತ ಮಾನದಂಡ. ಅದು ಪಾಲನೆಯಾಗುತ್ತಿದ್ದರೆ ಹೊಸಬರಿಗೆ ಐಸಿಯು ವಾರ್ಡಿಗಿಂತ ಒಳ್ಳೆಯ ಜಾಗ, ಏಕೆಂದರೆ ಒಬ್ಬ ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಲು ಸಮಯ ಇರುತ್ತದೆ, ವೈದ್ಯರು ಹತ್ತಿರದಲ್ಲೇ ಇರುತ್ತಾರೆ. ಮೂರು ವೆಂಟಿಲೇಟರ್ ಒಬ್ಬಳ ತಲೆಗೆ ಕಟ್ಟುವ ಜಾಗವಾದರೆ ಓಡಿ ಬಾ.

ಸಂದರ್ಶನದಲ್ಲಿ ಲಿಖಿತ ಪರೀಕ್ಷೆ ಇರುತ್ತದೆ. ಅನಾಟಮಿಯ ದಪ್ಪ ಪುಸ್ತಕ ಮತ್ತೆ ಓದಬೇಡ, ಲೆಕ್ಕ ಮಾಡು. 500 ಮಿಲಿ ಸಲೈನ್ 6 ಗಂಟೆಯಲ್ಲಿ ಹೋಗಬೇಕು, ಸೆಟ್ ಮಿಲಿಗೆ 20 ಹನಿಯದು, ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿ 360ರಿಂದ ಭಾಗಿಸಿದರೆ 27.8, ಅಂದರೆ 28. ಮೈಕ್ರೋ ಸೆಟ್ ಆದರೆ ಮಿಲಿಗೆ 60 ಹನಿ. ಯಾವ ಸೆಟ್ ಎಂದು ಪ್ರಶ್ನೆಯಲ್ಲಿ ಬೇಕೆಂದೇ ಬಿಟ್ಟಿರುತ್ತಾರೆ. ಆಗ ‘ಸೆಟ್‌ನ ಪೊಟ್ಟಣದ ಮೇಲೆ ಬರೆದಿರುವುದನ್ನು ನೋಡುತ್ತೇನೆ’ ಎಂದವರಿಗೆ ಅಂಕ.

ನಮ್ಮಲ್ಲಿ ಖಂಡಿತ ಕೇಳುವ ಇನ್ನೊಂದು: ಇನ್ಸುಲಿನ್ ಸಿರಿಂಜ್. ನಮ್ಮ ದೇಶದಲ್ಲಿ ಮಿಲಿಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದೂ ಇದೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯಿಂದ 40ರ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ಇದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು.

ಪೊಟ್ಯಾಸಿಯಂ ಕ್ಲೋರೈಡ್ ಅನ್ನು ನೇರವಾಗಿ ರಕ್ತನಾಳಕ್ಕೆ ತಳ್ಳುವುದಿಲ್ಲ, ದ್ರವದಲ್ಲಿ ಬೆರೆಸಿ ನಿಧಾನವಾಗಿ ಕೊಡುತ್ತೇವೆ. ಎದೆ ಒತ್ತುವ ಸಿಪಿಆರ್‌ನಲ್ಲಿ 30 ಒತ್ತು, 2 ಉಸಿರು, ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಕಸದ ಬುಟ್ಟಿಗಳ ಬಣ್ಣ: ರಕ್ತ ಹತ್ತಿದ ಹತ್ತಿ ಹಳದಿಗೆ, ಐವಿ ಸೆಟ್ ಮತ್ತು ಕ್ಯಾಥೆಟರ್ ಕೆಂಪಿಗೆ, ಸೂಜಿಗಳು ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸೂಜಿ ಚುಚ್ಚಿಕೊಂಡರೆ ಏನು ಮಾಡುತ್ತೀಯ ಎಂದರೆ ಹಿಂಡಬಾರದು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧ ಬೇಕಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು.

ಸ್ವಂತ ಅನುಭವ

ಇಷ್ಟೆಲ್ಲ ಏಕೆ? ಅನುಭವ ಪತ್ರ ಬರೆಸಿಕೊಡುತ್ತೇನೆ ಎನ್ನುವವರು ಮನೆಯಲ್ಲೇ ಇದ್ದಾರಲ್ಲ, ತೆಗೆದುಕೊಳ್ಳಿ. ಎಲ್ಲರೂ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು.

ಅಬುಧಾಬಿ ಕನ್ನಡತಿ

‘ಎಲ್ಲರೂ ಮಾಡುತ್ತಾರೆ’ ಎನ್ನುವವರು ಮುಂದೆ ಏನಾಗುತ್ತದೆ ಎಂದೂ ಹೇಳಬೇಕಿತ್ತು.

ಗಲ್ಫ್‌ನ ಪರವಾನಗಿಗೆ ಅರ್ಜಿ ಹಾಕಿದಾಗ ಡೇಟಾಫ್ಲೋ ಎಂಬ ಸಂಸ್ಥೆ ನಮ್ಮ ಪದವಿ, ನೋಂದಣಿ, ಅನುಭವ ಮೂರನ್ನೂ ಕೊಟ್ಟ ಕಡೆಗೇ ಬರೆದು ಪರಿಶೀಲಿಸುತ್ತದೆ. ಕ್ಲಿನಿಕ್‌ನವರು ಉತ್ತರಿಸದಿದ್ದರೆ ಅಲ್ಲಿಗೇ ನಿಂತಿತು. ಸುಳ್ಳು ಎಂದು ತಿಳಿದರೆ ನಕಾರಾತ್ಮಕ ವರದಿ ಬರುತ್ತದೆ, ಅದು ಮುಂದೆ ಬೇರೆ ಕಡೆ ಅರ್ಜಿ ಹಾಕಿದಾಗಲೂ ಕಾಡುತ್ತದೆ. ಇನ್ನೊಂದು ಸರಳ ಲೆಕ್ಕ: ನಿಮ್ಮ ನೋಂದಣಿಯ ದಿನಾಂಕಕ್ಕಿಂತ ಮೊದಲಿನ ‘ಅನುಭವ’ ಪತ್ರದಲ್ಲಿ ಕಂಡರೆ ಅದನ್ನು ಓದುವವರಿಗೆ ಎರಡು ನಿಮಿಷವೂ ಬೇಕಿಲ್ಲ.

ಅದಿರಲಿ, ರೋಗಿಯ ಮಾತು. ಒಂದು ವರ್ಷ ಅನುಭವ ಇದೆ ಎಂದು ಸೇರಿದವಳಿಗೆ ಯಾರೂ ಪಕ್ಕದಲ್ಲಿ ನಿಂತು ಕಲಿಸುವುದಿಲ್ಲ. ನೇರವಾಗಿ ರಾತ್ರಿಪಾಳಿಗೆ ಹಾಕುತ್ತಾರೆ. ಹೊಸಬಳು ಎಂದು ಹೇಳಿಕೊಂಡು ಸೇರುವುದರಲ್ಲಿ ಇರುವ ದೊಡ್ಡ ಲಾಭವೇ ತಿಳಿಯದ್ದನ್ನು ಕೇಳುವ ಹಕ್ಕು. ಅದನ್ನು ಒಂದು ಕಾಗದಕ್ಕೆ ಮಾರಿಕೊಳ್ಳಬೇಡಿ.

ಮುಂದೆ ಹೊರದೇಶದ ಯೋಚನೆ ಇದ್ದರೆ ಮೊದಲ ಎರಡು ವರ್ಷ ಎಲ್ಲಿ ಕಳೆಯುತ್ತೀರಿ ಎಂಬುದು ಮುಖ್ಯ. ಗಲ್ಫ್‌ನ ಹೆಚ್ಚಿನ ಆಸ್ಪತ್ರೆಗಳು ಎರಡು ವರ್ಷದ ಅನುಭವ ಕೇಳುತ್ತವೆ, ದೊಡ್ಡ ಆಸ್ಪತ್ರೆಯದ್ದಕ್ಕೆ ಬೆಲೆ ಹೆಚ್ಚು. ಕುವೈತ್, ಸೌದಿ ಸೇರಿ 18 ದೇಶಗಳಿಗೆ ನರ್ಸ್ ಆಗಿ ಹೋಗುವವರು 2015ರಿಂದ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ಹೋಗಬೇಕು. ನೋಂದಾಯಿತ ಏಜೆಂಟ್ 30,000 ಮತ್ತು ಅದರ ಜಿಎಸ್‌ಟಿ ಬಿಟ್ಟು ಹೆಚ್ಚು ಕೇಳುವಂತಿಲ್ಲ. ಲಕ್ಷಗಟ್ಟಲೆ ಕೇಳುವವರಿಗೆ ಈ ವಾಕ್ಯ ಓದಿ ಹೇಳಿ.

ರಾಣೆಬೆನ್ನೂರು ಆರ್‌ಎನ್

ಎಲ್ಲರಿಗೂ ಕೃತಜ್ಞತೆಗಳು. ಅನುಭವ ಪತ್ರ ಬೇಡ ಎಂದು ಸಂಬಂಧಿಕರಿಗೆ ಹೇಳಿದೆ, ಸ್ವಲ್ಪ ಮುನಿಸಿಕೊಂಡಿದ್ದಾರೆ. ನಿಜವಾದ ಹೆದರಿಕೆ ಬೇರೆ ಇದೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಓದಿದರೆ ಅರ್ಥವಾಗುತ್ತದೆ, ಬರೆಯುತ್ತೇನೆ. ಆದರೆ ಬೆಂಗಳೂರಿನಲ್ಲಿ ಸಂದರ್ಶನ ಇಂಗ್ಲಿಷ್‌ನಲ್ಲಿ, ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರ್ ಇಂಗ್ಲಿಷ್‌ನಲ್ಲಿ. ಬಾಯಿ ತೆರೆಯಲು ಆಗುವುದಿಲ್ಲ.

ವಾರ್ಡ್ ಇನ್‌ಚಾರ್ಜ್, ಹುಬ್ಬಳ್ಳಿ

ನಮ್ಮ ಕಾಲದಲ್ಲೂ ಇದೇ ಹೆದರಿಕೆ. ಆಸ್ಪತ್ರೆಯ ಇಂಗ್ಲಿಷ್ ಅಷ್ಟು ದೊಡ್ಡದಲ್ಲಮ್ಮ. ಹ್ಯಾಂಡೋವರ್‌ಗೆ ಒಂದು ಅಚ್ಚು ಇದೆ: ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನಾನು ನೋಡಿದಾಗ ಕಂಡದ್ದು ಏನು, ಏನು ಮಾಡಬೇಕು. ಎಸ್‌ಬಿಎಆರ್ ಎಂದು ಕಾಲೇಜಿನಲ್ಲಿ ಕಲಿಸಿರುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ನೋಡಿದ ಒಬ್ಬ ರೋಗಿಯನ್ನು ನೆನಪಿಸಿಕೊಂಡು ಈ ನಾಲ್ಕು ಭಾಗ ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳು. ಗೋಡೆಗೆ ಹೇಳು, ಎಮ್ಮೆಗೆ ಹೇಳು, ನಾಲಿಗೆ ಹೊರಳುತ್ತದೆ. ಸಂದರ್ಶನದಲ್ಲಿ ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ ಎನ್ನಲು ನಾಚಿಕೆ ಬೇಡ. ವೈದ್ಯರ ಆದೇಶ ತಿಳಿಯದಿದ್ದಾಗ ಮತ್ತೆ ಕೇಳುವ ನರ್ಸ್ ಬೇಕು ನಮಗೆ, ಹೂಂ ಎಂದು ತಲೆಯಾಡಿಸುವವಳು ಅಲ್ಲ.

ನಿನ್ನ ಕನ್ನಡವನ್ನು ಕಡಿಮೆ ಎಣಿಸಬೇಡ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕೇರಳದ, ಈಶಾನ್ಯ ರಾಜ್ಯಗಳ ನರ್ಸ್‌ಗಳು ಬಹಳ. ಕೆಲಸದಲ್ಲಿ ಚುರುಕು, ಅದರಲ್ಲಿ ಮಾತಿಲ್ಲ. ಆದರೆ ಚಾಮರಾಜನಗರದಿಂದ ಬಂದ ಅಜ್ಜಿ ‘ಎದೆಯೊಳಗೆ ಹಿಂಡಿದಂತೆ ಆಗುತ್ತದೆ’ ಎಂದು ಹೇಳಿದರೆ ಅದು ಹೊಟ್ಟೆಯ ಗ್ಯಾಸೋ ಹೃದಯವೋ ಎಂದು ಇನ್ನೆರಡು ಪ್ರಶ್ನೆ ಕೇಳಲು ಭಾಷೆ ಬೇಕು. ಇದನ್ನು ಸಂದರ್ಶನದಲ್ಲಿ ಧೈರ್ಯವಾಗಿ ಹೇಳು.

ಮಂಗಳೂರಿನಿಂದ

ಇಲ್ಲಿ ಕನ್ನಡ ಒಂದೇ ಸಾಲದು ಮೇಡಂ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಒಂದೇ ಪಾಳಿಯಲ್ಲಿ ಎಲ್ಲವೂ ಬರುತ್ತವೆ. ಘಟ್ಟದ ಮೇಲಿನಿಂದ ಬಂದ ಹೊಸಬರು ಮೊದಲು ಕಕ್ಕಾಬಿಕ್ಕಿಯಾಗುತ್ತಾರೆ, ಕೆಲವು ತಿಂಗಳಲ್ಲಿ ತುಳುವಿನಲ್ಲಿ ‘ಬೇನೆ ಉಂಡಾ’ ಎಂದು ಕೇಳುವಷ್ಟಾಗುತ್ತಾರೆ. ಒಂದು ಮಾತು ಸೇರಿಸುತ್ತೇನೆ: ದಾರಿ ಎರಡೇ ಅಲ್ಲ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳನ್ನು ಏಕೆ ನೋಡುತ್ತಿಲ್ಲ? ಮಂಗಳೂರು, ಮಣಿಪಾಲ, ಧಾರವಾಡ, ಬೆಳಗಾವಿ, ನಿಮ್ಮ ದಾವಣಗೆರೆಯಲ್ಲೇ ಇವೆ. ಹಗಲೂ ರಾತ್ರಿ ಸ್ನಾತಕೋತ್ತರ ವಿದ್ಯಾರ್ಥಿಗಳು ವಾರ್ಡಿನಲ್ಲಿ ಇರುತ್ತಾರೆ, ಪುಸ್ತಕದಲ್ಲಿ ಮಾತ್ರ ಓದಿದ ಕಾಯಿಲೆಗಳು ಕಣ್ಣಿಗೆ ಬೀಳುತ್ತವೆ. ಸಂಬಳ ಬೆಂಗಳೂರಿನಷ್ಟು ಇರುವುದಿಲ್ಲ, ಕಲಿಕೆ ಹೆಚ್ಚು.

ಸೇಡಂ ಸಿಎಚ್‌ಒ

ಸರ್ಕಾರಿ ಕಡೆಯ ವಿಷಯ ಯಾರೂ ಎತ್ತಲಿಲ್ಲ. ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಉಪಕೇಂದ್ರದಲ್ಲಿದ್ದೇನೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ. ಸ್ಟಾಫ್ ನರ್ಸ್ ಗುತ್ತಿಗೆ ಹುದ್ದೆಗಳು, ಸರ್ಕಾರದ ‘ನಮ್ಮ ಕ್ಲಿನಿಕ್’ ಎಂಬ ನಗರ ಚಿಕಿತ್ಸಾಲಯಗಳ ಹುದ್ದೆಗಳು ಜಿಲ್ಲಾ ಮಟ್ಟದಲ್ಲೇ ತುಂಬುತ್ತವೆ. ಅಧಿಸೂಚನೆ ಜಿಲ್ಲೆಯ ಜಾಲತಾಣದಲ್ಲಿ ಬಂದು ಸದ್ದಿಲ್ಲದೆ ಮುಗಿದುಹೋಗುತ್ತದೆ. ವಾರಕ್ಕೊಮ್ಮೆ ಹಾವೇರಿ, ದಾವಣಗೆರೆ, ಗದಗ ಮೂರನ್ನೂ ತೆರೆದು ನೋಡಿ. ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಯ ಸೂಚನಾ ಫಲಕವನ್ನೂ ನೋಡಿ.

ನಮ್ಮ ಕಲ್ಯಾಣ ಕರ್ನಾಟಕದ ಕಡೆಯವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರು ಉಪವಿಭಾಗಾಧಿಕಾರಿಯಿಂದ ಅರ್ಹತಾ ಪತ್ರವನ್ನು ಅಧಿಸೂಚನೆ ಬರುವ ಮೊದಲೇ ಮಾಡಿಸಿ ಇಟ್ಟುಕೊಳ್ಳಲಿ. ಕೊನೆಯ ವಾರದಲ್ಲಿ ಕಚೇರಿಯ ಮುಂದೆ ಸಾಲು ನಿಲ್ಲುವವರನ್ನು ಪ್ರತಿ ಸಲ ನೋಡುತ್ತೇನೆ.

ಕೇಂದ್ರದ್ದು ಏಮ್ಸ್‌ನ ನಾರ್ಸೆಟ್ ಎಂಬ ನೇಮಕಾತಿ ಪರೀಕ್ಷೆ. ಬಿಎಸ್ಸಿಯವರಿಗೆ ಅನುಭವ ಬೇಕಿಲ್ಲ! ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಆದವರಿಗೆ ಮಾತ್ರ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೇಳುತ್ತಾರೆ. ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆ ಎಂದು ಎರಡು ಹಂತ, ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಡಿತ. ಆರಂಭಿಕ ಮೂಲವೇತನ 44,900. ಬಿಎಸ್ಸಿ ಮುಗಿದ ವರ್ಷವೇ ಬರೆಯಿರಿ, ಓದಿದ್ದು ತಲೆಯಲ್ಲಿ ಇರುತ್ತದೆ.

ಐಸಿಯು ರಾತ್ರಿಪಾಳಿ

ಹುಡುಗರ ಗಮನಕ್ಕೆ: 2019ರಲ್ಲಿ ಏಮ್ಸ್ ಶೇ. 80 ಹುದ್ದೆಯನ್ನು ಮಹಿಳೆಯರಿಗೆ ಇಟ್ಟಿತು, ನಮಗೆ 20. ನಿರಾಶೆ ಬೇಡ, ಅಷ್ಟು ಹೆಚ್ಚು ಓದಬೇಕು ಅಷ್ಟೇ.

ಸೇಡಂ ಅಣ್ಣನಿಗೆ ಒಂದು ಪ್ರಶ್ನೆ. ಮೊದಲ ಕೆಲಸವೇ ಉಪಕೇಂದ್ರವಾದರೆ ಆಸ್ಪತ್ರೆಯ ಕೈಚಳಕ ಹೋಗಿಬಿಡುವುದಿಲ್ಲವೇ?

ಸೇಡಂ ಸಿಎಚ್‌ಒ

ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಕ್ಯಾನುಲಾ ಹಾಕುವುದು ಅಪರೂಪ. ಅದಕ್ಕೆ ಬದಲಾಗಿ ಬಿಪಿ, ಸಕ್ಕರೆ ಕಾಯಿಲೆ, ಗರ್ಭಿಣಿಯರ ತಪಾಸಣೆ, ಯಾರನ್ನು ಯಾವಾಗ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು ಎಂಬ ನಿರ್ಧಾರ ಬರುತ್ತದೆ. ಅಲ್ಲಿ ಒಬ್ಬರೇ ಇರಬೇಕು. ನಾನಾದರೆ ಎರಡು ವರ್ಷ ಆಸ್ಪತ್ರೆ ಮಾಡಿ ಬನ್ನಿ ಎನ್ನುತ್ತೇನೆ. ಸಂಬಳ, ಮನೆಯ ಹತ್ತಿರ ಎಂದು ಮೊದಲೇ ಬರುವವರನ್ನೂ ತಪ್ಪು ಎನ್ನಲಾರೆ, ಎಲ್ಲರ ಮನೆಯೂ ಒಂದೇ ರೀತಿ ಇರುವುದಿಲ್ಲ.

ಶಿರಸಿಯ ತಂದೆ

ನನ್ನ ಮಗಳು ಜಿಎನ್‌ಎಂ ಕೊನೆಯ ವರ್ಷದಲ್ಲಿದ್ದಾಳೆ. ಬೆಂಗಳೂರಿಗೆ ಕಳಿಸಲು ನಮಗೂ ಹೆದರಿಕೆ. ಹಾಸ್ಟೆಲ್ ಎಂದರೆ ಹೇಗಿರುತ್ತದೆ, ರಾತ್ರಿಪಾಳಿ ಮುಗಿಸಿ ಹೇಗೆ ಬರುತ್ತಾರೆ, ತಿಳಿದವರು ಹೇಳಬೇಕು.

ಬಿಳಿ ಟೋಪಿ

ಯಜಮಾನರೇ, ರಾತ್ರಿ ಎಂಟಕ್ಕೆ ಹೋದವರು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಆಗ ಊರೆಲ್ಲ ಎದ್ದಿರುತ್ತದೆ. ಕಷ್ಟ ಇರುವುದು ಸಂಜೆಪಾಳಿಯದು. ಎಂಟಕ್ಕೆ ಮುಗಿಯಬೇಕಾದದ್ದು ಹ್ಯಾಂಡೋವರ್, ಬರವಣಿಗೆ ಎಂದು ಒಂಬತ್ತೂವರೆ ಆಗುತ್ತದೆ. ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲೇ ಇದೆಯೇ, ಇಲ್ಲದಿದ್ದರೆ ಆ ಹೊತ್ತಿಗೆ ವಾಹನ ಬಿಡುತ್ತಾರೆಯೇ ಎಂದು ಕೇಳಿ. ಸೇರುವ ಮೊದಲು ನೀವೇ ಒಮ್ಮೆ ಬಂದು ಹಾಸ್ಟೆಲ್ ನೋಡಿ. ಒಂದು ಕೋಣೆಗೆ ಎಷ್ಟು ಮಂದಿ, ರಾತ್ರಿಪಾಳಿ ಮುಗಿಸಿದವಳು ಹಗಲು ಮಲಗಲು ಸಾಧ್ಯವೇ ಎಂದು ನೋಡಿ. ಮೂರು ಪಾಳಿಯವರನ್ನು ಒಂದೇ ಕೋಣೆಯಲ್ಲಿ ತುಂಬಿದರೆ ಯಾರಿಗೂ ನಿದ್ದೆ ಇಲ್ಲ.

ರಾಣೆಬೆನ್ನೂರು ಆರ್‌ಎನ್

ಬೆಂಗಳೂರಿನವರಿಗೆ ದೂರವಾಣಿ ಮಾಡಿ ಇನ್‌ಚಾರ್ಜ್ ಅಕ್ಕ ಹೇಳಿದ ಮೂರು ಪ್ರಶ್ನೆ ಕೇಳಿದೆ. ಮೊದಲು ಮಾತನಾಡಿದವರಿಗೆ ಗೊತ್ತಿರಲಿಲ್ಲ, ನರ್ಸಿಂಗ್ ವಿಭಾಗಕ್ಕೆ ಕರೆ ವರ್ಗಾಯಿಸಿದರು. ಐಸಿಯುನಲ್ಲಿ ವೆಂಟಿಲೇಟರ್‌ಗೆ ಒಬ್ಬರು, ಉಳಿದಂತೆ ಇಬ್ಬರು ರೋಗಿಗೆ ಒಬ್ಬರು. ಮೊದಲ ಆರು ವಾರ ಹಿರಿಯರ ಜೊತೆ, ಅದರಲ್ಲಿ ನಾಲ್ಕು ವಾರ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಾಂಡ್‌ನ ಕರಡು ಕಳಿಸಿದ್ದಾರೆ. ಅದರಲ್ಲಿ ‘ಯಾವುದೇ ಕಾರಣಕ್ಕೆ ಸೇವೆ ಕೊನೆಗೊಂಡರೂ 75,000 ಪಾವತಿಸತಕ್ಕದ್ದು’ ಎಂದಿದೆ. ಜೊತೆಗೆ ಭದ್ರತೆಗೆ ದಿನಾಂಕವಿಲ್ಲದ ಒಂದು ಖಾಲಿ ಚೆಕ್. ಊರಿನ ನರ್ಸಿಂಗ್ ಹೋಂಗೆ ಅಂಕಪಟ್ಟಿ ಕೊಡುವುದಿಲ್ಲ ಎಂದೆ. ಹಾಗಾದರೆ ಬೇಡ ಎಂದರು.

ಕಾಗದ ಓದುವವನು

ವಕೀಲಿ ವೃತ್ತಿಯವನು, ಅಕ್ಕನ ಮಗಳು ನರ್ಸ್ ಆದ್ದರಿಂದ ಇಲ್ಲಿ ಓದುತ್ತಿರುತ್ತೇನೆ.

ಬಾಂಡ್ ಎಂದರೆ ರದ್ದಿ ಕಾಗದ, ಸಹಿ ಹಾಕಿ ಬಿಟ್ಟು ಓಡಿ ಎಂದು ಹೇಳುವವರ ಮಾತು ಕೇಳಬೇಡಿ. ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಂತಹ ಕನಿಷ್ಠ ಸೇವಾವಧಿಯ ಷರತ್ತನ್ನು ಎತ್ತಿ ಹಿಡಿದಿದೆ. ಹಾಗೆಂದು ಬರೆದದ್ದೆಲ್ಲ ವಸೂಲಾಗುತ್ತದೆ ಎಂದೂ ಅಲ್ಲ. 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ಸಿಗುವುದು ನ್ಯಾಯಯುತವಾದ ಪರಿಹಾರ, ಬರೆದಿರುವ ಮೊತ್ತ ಅದರ ಮೇಲ್ಮಿತಿ. ನಿಮಗೆ ತರಬೇತಿಗೆ ಏನು ಖರ್ಚು ಮಾಡಿದರು ಎಂಬ ಪ್ರಶ್ನೆ ಬರುತ್ತದೆ.

ನಿಮ್ಮ ಕರಡಿನಲ್ಲಿ ಮೂರು ಬದಲಾವಣೆ ಕೇಳಿ. ‘ಯಾವುದೇ ಕಾರಣಕ್ಕೆ’ ಎಂಬುದನ್ನು ‘ನೌಕರರು ತಾವಾಗಿ ರಾಜೀನಾಮೆ ಕೊಟ್ಟಾಗ’ ಎಂದು ಮಾಡಿಸಿ, ಇಲ್ಲದಿದ್ದರೆ ಅವರೇ ನಿಮ್ಮನ್ನು ತೆಗೆದುಹಾಕಿದರೂ, ನೀವು ಕಾಯಿಲೆ ಬಿದ್ದರೂ ನೀವೇ ಕಟ್ಟಬೇಕಾಗುತ್ತದೆ. ಮೊತ್ತ ತಿಂಗಳು ಕಳೆದಂತೆ ಇಳಿಯಬೇಕು. 23 ತಿಂಗಳು ದುಡಿದವಳೂ ಎರಡನೇ ತಿಂಗಳಿಗೆ ಬಿಟ್ಟವಳೂ ಒಂದೇ 75,000 ಕಟ್ಟುವುದು ಯಾವ ನ್ಯಾಯ? ಮೂರನೆಯದಾಗಿ, ಬಿಡುವಾಗ ಅನುಭವ ಪತ್ರವನ್ನು ಇಷ್ಟು ದಿನದೊಳಗೆ ಕೊಡುತ್ತೇವೆ ಎಂದು ಬರೆಸಿ. ಖಾಲಿ ಚೆಕ್ ಮಾತ್ರ ಬೇಡವೇ ಬೇಡ. ದಿನಾಂಕವನ್ನೂ ಮೊತ್ತವನ್ನೂ ಅವರು ತುಂಬಿ, ಹಣವಿಲ್ಲದೆ ಚೆಕ್ ಮರಳಿದರೆ ಅದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. ಸಹಿ ಹಾಕಿದ ಬಾಂಡ್‌ನ ಒಂದು ಪ್ರತಿ ನಿಮ್ಮ ಬಳಿ ಇರಲಿ.

ನೇಮಕಾತಿ ಮೇಜು

ಒಳಗಿನವನಾಗಿ ಹೇಳುತ್ತೇನೆ: ಮೊದಲಿನ ಎರಡು ಬದಲಾವಣೆ ಕೇಳಿದವರಿಗೆ ಮಾಡಿಕೊಡುತ್ತಾರೆ, ಕೇಳುವವರೇ ಇಲ್ಲ. ಚೆಕ್ ವಿಷಯದಲ್ಲಿ ಹಟ ಹಿಡಿಯಬಹುದು. ಮಿಂಚಂಚೆಯಲ್ಲಿ ಬರೆದು ಕೇಳಿ, ಬಾಯಿಮಾತಿನಲ್ಲಿ ಬೇಡ.

ರಾಣೆಬೆನ್ನೂರು ಆರ್‌ಎನ್

ಬರೆದು ಕಳಿಸಿದ್ದೇನೆ. ಚೆಕ್ ಬಿಟ್ಟಿದ್ದಾರೆ, ಮೊತ್ತ ಒಂದು ವರ್ಷದ ನಂತರ ಅರ್ಧ ಮಾಡುತ್ತಾರಂತೆ. ‘ಯಾವುದೇ ಕಾರಣಕ್ಕೆ’ ಎಂಬುದರ ಬಗ್ಗೆ ಕಾನೂನು ವಿಭಾಗವನ್ನು ಕೇಳಿ ಹೇಳುತ್ತೇವೆ ಎಂದರು. ಅಷ್ಟರಲ್ಲಿ ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರಲ್ಲೂ ಸೂಪರಿಂಟೆಂಡೆಂಟ್ ಮೇಡಂಗೆ ಅರ್ಜಿ ಕೊಟ್ಟು ಬಂದೆ. ನೋಂದಣಿ ಬಂದ ಮೇಲೆ ಬಾ ಎಂದಿದ್ದಾರೆ. ಅಲ್ಲಿ ಬಾಂಡ್ ಇಲ್ಲ, 16,000. ಅಪ್ಪನಿಗೆ ಇದು ಸಮಾಧಾನ. ನನಗೆ ಐಸಿಯು ಆಸೆ ಹೋಗಿಲ್ಲ.

ಒಂದು ಸಣ್ಣ ಸಂದೇಹ. ಎರಡೂ ಕಡೆ ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಕೇಳಿದರು. ಮೊದಲ ವರ್ಷದಲ್ಲಿ ಎರಡು ಡೋಸ್ ಆಗಿತ್ತು, ಮೂರನೆಯದು ಬಿಟ್ಟುಹೋಯಿತು. ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕೇ?

ಅಬುಧಾಬಿ ಕನ್ನಡತಿ

ಬೇಡ, ಬಿಟ್ಟುಹೋದ ಮೂರನೆಯದನ್ನು ಈಗ ಹಾಕಿಸಿಕೊಳ್ಳಿ. ಅದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ಪರೀಕ್ಷಿಸಿ. 10ಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ವರದಿಯನ್ನು ಅಂಕಪಟ್ಟಿಗಳ ಜೊತೆಗೇ ಇಡಿ, ಮುಂದೆ ಎಲ್ಲಿಗೆ ಹೋದರೂ ಕೇಳುತ್ತಾರೆ.

ವಾರ್ಡ್ ಇನ್‌ಚಾರ್ಜ್, ಹುಬ್ಬಳ್ಳಿ

ಲಸಿಕೆ ಸೇರುವ ಮೊದಲೇ ಆಗಲಿ. ಐಸಿಯು ಬೇಕಾದರೆ ದಾವಣಗೆರೆಯವರಿಗೂ ಕೇಳಮ್ಮ, ಅಲ್ಲೂ ಐಸಿಯು ಇದೆಯಲ್ಲ. ಹೊಸಬರನ್ನು ಮೊದಲು ವಾರ್ಡಿಗೆ ಹಾಕಿ ಆರು ತಿಂಗಳಿಗೆ ಬದಲಾಯಿಸುವ ಪದ್ಧತಿ ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯ. ಬದಲಾವಣೆ ಕೇಳಿದರೆ ಸಿಗುತ್ತದೆಯೇ ಎಂದು ವಿಚಾರಿಸಿ, ಆಮೇಲೆ ಬೆಂಗಳೂರಿನವರಿಗೆ ಉತ್ತರ ಕೊಡು.